ಗಡ್ಡದಜ್ಜನ ನೇರಳೆ ಸಹಿ

ಹೋದ ವಾರ ಮೊಮ್ಮಗುವಿಗೆ ಹೊಟ್ಟೆ ಉಬ್ಬರಿಸಿಕೊಂಡು ಬೆಳಿಗ್ಗೆಯಿಂದ ಒಂದೇ ಸಮ ಅಳು. ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಯಿಂದ ಓಮದ ನೀರಿನ ಬಾಟಲಿ ತರಿಸಿ ಮುಚ್ಚಳ ತಿರುವಿದೆ. ಆ ಖಾರ ಖಾರದ, ಒಳಗೊಳಗೇ ಸಿಹಿಯಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ಶಂಕರಪುರದ ಒಂದು ನಡುಮನೆಗೆ ಹೋಗಿ ಕೂತುಬಿಟ್ಟಿದ್ದೆ. ಎದುರಿಗೆ ಚಾಪೆಯ ಮೇಲೆ ಇಟಲಿಯವರು ಸಾಲಾಗಿ ಮಲಗಿದ್ದರು.

ಇಟಲಿಯವರು ಅಂದರೆ ಅವರ ಫೋಟೋಗಳು, ಕಾಗದಗಳು. ಎಲ್ಲದರ ಮೇಲೂ ಅವರವರ ಕೈಯಿಂದಲೇ ಹಾಕಿದ ಸಹಿ. ಅವನ್ನು ಕೂಡಿಟ್ಟವರು ನಾವಿದ್ದ ಬಾಡಿಗೆ ಮನೆಯ ಮಾಲೀಕರು, ಚಾಮರಾಜಪೇಟೆಯ ಒಬ್ಬ ಡಾಕ್ಟರ ಷಾಪಿನಲ್ಲಿ ಕಾಂಪೌಂಡರ್ ಆಗಿದ್ದವರು. ಮುಂಭಾಗದಲ್ಲಿ ಅವರು ಮತ್ತು ಅವರ ಹೆಂಡತಿ, ಹಿಂಭಾಗದ ಎರಡು ಕೋಣೆಯಲ್ಲಿ ಬಾಡಿಗೆಗೆ ನಾವು. ನಾನು ಅವರನ್ನು ಕಾಂಪೌಂಡರ್ ಮಾವ ಎಂದೂ ಅವರಾಕೆಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ಷಾಪಿಗೆ ಓಮದ ನೀರಿನ ಬಾಟಲಿಗಳು ಬರುತ್ತಿದ್ದ ರಟ್ಟಿನ ಪೆಟ್ಟಿಗೆಯೇ ಮಾವನ ಖಜಾನೆ. ಹಾಗಾಗಿ ಆ ಪೆಟ್ಟಿಗೆಯೊಳಗಿನ ಗಾಯಕಿಯರು, ವಿಜ್ಞಾನಿಗಳು, ಮಂಜಿನ ನಾಡಿಗೆ ವಿಮಾನದಲ್ಲಿ ಹೋಗಿ ಬಂದವರು, ಎಲ್ಲರೂ ಓಮದ ವಾಸನೆ ಬೀರುತ್ತಿದ್ದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನಗಾಗ ಇಪ್ಪತ್ತೆರಡು. ಟೈಪಿಂಗ್ ಸೀನಿಯರ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೂತಿದ್ದೆ. ಬೆರಳಿಗೆ ಅಭ್ಯಾಸ ತಪ್ಪಬಾರದೆಂದು ಮಾವ ತಮ್ಮ ಲಕೋಟೆಗಳ ಮೇಲಿನ ವಿಳಾಸವನ್ನು ನನ್ನ ಕೈಲಿ ಟೈಪ್ ಮಾಡಿಸುತ್ತಿದ್ದರು. ಒಳಗಿನ ಕಾಗದವನ್ನು ಮಾತ್ರ ಅವರೇ ಇಟಲಿಯ ಭಾಷೆಯಲ್ಲಿ ಬರೆಯುತ್ತಿದ್ದರು. ತಲೆಯಲ್ಲಿ ಒಂದು 'ಶ್ರೀ', ಅದರ ಕೆಳಗೆ ನಾಲ್ಕು ಸಾಲು, ಜೊತೆಗೆ ಉಗುರಿನಷ್ಟು ಗಂಧದ ಚೂರು. ಒಬ್ಬ ವಯಸ್ಸಾದ ಗಾಯಕಿ ಸಹಿ ಹಾಕಿದ ಫೋಟೋ ಕಳಿಸುವಾಗ, ಕಾಗದದ ತಲೆಯ ಮೇಲಿರುವ ಈ ಚಿತ್ರ ಏನೆಂದು ಕೇಳಿದ್ದರು. ಶುಭವಾಗಲಿ ಅಂತ ಮೊದಲು ಬರೆಯುವ ಅಕ್ಷರ ಎಂದು ಮಾವ ತಿಳಿಸಿದರು. ಆಕೆಯ ಮುಂದಿನ ಕಾಗದ ಬಂದಾಗ, ಎಲ್ಲಕ್ಕೂ ಮೇಲೆ, ಸೊಟ್ಟಸೊಟ್ಟಗೆ, ಬಾಲ ತಿರುಚಿಕೊಂಡ ಒಂದು 'ಶ್ರೀ' ಇತ್ತು! ಆ ದಿನ ಮಾವ ಅದನ್ನು ಅಂಚೆಯವನಿಗೂ ತೋರಿಸಿದರು, ಹಾಲಿನವನಿಗೂ ತೋರಿಸಿದರು.

ಅತ್ತೆಗೆ ಇದೆಲ್ಲ ತಮಾಷೆ. "ತುಮಕೂರಲ್ಲಿರೋ ಒಡಹುಟ್ಟಿದ ತಂಗಿಗೆ ವರ್ಷಕ್ಕೊಂದು ಕಾರ್ಡ್ ಹಾಕಲ್ಲ, ಇಟಲಿ ಹೆಂಗಸರಿಗೆ ಗಂಧದ ಚೂರು ಬೇರೆ!"

"ತಂಗಿ ಸಹಿ ಹಾಕೋದೇ ಇಲ್ವಲ್ಲೇ, ಹೆಬ್ಬೆಟ್ಟು," ಎನ್ನುತ್ತಿದ್ದರು ಮಾವ.

ಇಟಲಿಯೇ ಯಾಕೆ ಅಂದರೆ, ಅದಕ್ಕೊಂದು ಹಿನ್ನೆಲೆ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಕಡೆ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. ಆಗಿನ್ನೂ ಮೀಸೆ ಚಿಗುರುತ್ತಿದ್ದ ಮಾವ ಆ ಕ್ಯಾಂಪಿನ ಆಸ್ಪತ್ರೆಯಲ್ಲಿ ಔಷಧಿ ಬೆರೆಸುವ ಕೆಲಸಕ್ಕೆ ಸೇರಿದ್ದರು. ಅಲ್ಲಿ ಒಬ್ಬ ಸಿಪಾಯಿಗೆ ವಿಷಮಶೀತ ಜ್ವರ. ನಲವತ್ತು ದಿನ ಮಾವ ಅವನ ಬಾಯಿಗೆ ಬಾರ್ಲಿ ಗಂಜಿ ಹಾಕಿ ಬದುಕಿಸಿಕೊಂಡರು. ಎದ್ದು ಕೂರುವಂತಾದ ಮೇಲೆ ಅವನು ಮಾವನಿಗೆ ತನ್ನ ಭಾಷೆ ಕಲಿಸಿದ. ಬಿಡುಗಡೆಯಾಗಿ ಹಡಗು ಹತ್ತಲು ಹೊರಡುವ ದಿನ, ತನ್ನ ಅಂಗಿಯ ಒಳಜೇಬಿನಲ್ಲಿ ಯುದ್ಧದುದ್ದಕ್ಕೂ ಕಾಪಾಡಿಕೊಂಡಿದ್ದ ಒಂದು ದಪ್ಪ ರಟ್ಟಿನ ಫೋಟೋ ತೆಗೆದು ಮಾವನ ಕೈಗಿಟ್ಟ.

ಫೋಟೋದಲ್ಲಿದ್ದವರು ಎದೆಯವರೆಗೆ ಕಾಣುವ ಒಬ್ಬ ಗಡ್ಡದ ಹಿರಿಯರು. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯ ಸಂಗೀತ ನಾಟಕಗಳಿಗೆ ರಾಗ ಕಟ್ಟಿದ ಬಹುದೊಡ್ಡ ಮನುಷ್ಯರಂತೆ. ಅತ್ತೆ ಅವರಿಗೆ 'ಗಡ್ಡದಜ್ಜ' ಎಂದು ಹೆಸರಿಟ್ಟಿದ್ದರಿಂದ ನಮ್ಮ ಮನೆಯಲ್ಲಿ ಅವರು ಗಡ್ಡದಜ್ಜನೇ ಆಗಿ ಉಳಿದರು. ಫೋಟೋದ ಕೆಳ ಅಂಚಿನಲ್ಲಿ ನೇರಳೆ ಬಣ್ಣದ ಸಹಿ, ಬೆನ್ನಿನ ಮೇಲೆ ಅದೇ ಕೈ ಬರೆದ ನಾಲ್ಕು ಸಾಲಿನ ಕಾಗದ. ಸಿಪಾಯಿಯ ತಾತ ಅವರ ಸ್ವರಲಿಪಿಗಳನ್ನು ಪ್ರತಿ ಮಾಡುತ್ತಿದ್ದವನಂತೆ. ಅವನಿಗೇ ಬರೆದದ್ದು. ಈ ಸೊಟ್ಟ ಕೈಬರಹವನ್ನು ನೀನು ಓದಲಾರೆ, ಆದರೆ ಏನು ಇಟ್ಟುಕೊಂಡಿದ್ದೀಯ ಎಂದು ನಿನಗೆ ಗೊತ್ತಿರಬೇಕು ಎಂದು ಹೇಳಿ, ಆ ನಾಲ್ಕು ಸಾಲನ್ನು ಸಿಪಾಯಿ ಮಾವನಿಗೆ ಬಾಯಿಪಾಠ ಮಾಡಿಸಿದ್ದ. ಊರು ಸೇರಿದ ಮೇಲೆ ಬರೆಯುತ್ತೇನೆ ಎಂದು ವಿಳಾಸ ಕೊಟ್ಟು ಹೋದವನು... ಬರೆಯಲೇ ಇಲ್ಲ. ಅವನ ಕಾಗದಕ್ಕೆ ಕಾಯುತ್ತಾ ಕಾಯುತ್ತಾ ಮಾವ ಉಳಿದ ಇಟಲಿಯವರಿಗೆಲ್ಲ ಬರೆಯತೊಡಗಿದರೋ ಏನೋ. ನಾನು ಕೇಳಲಿಲ್ಲ.

ಆ ವರ್ಷ ಬಸವನಗುಡಿಯ ಒಂದು ಸಭಾಂಗಣದಲ್ಲಿ, ಅಂಚೆಚೀಟಿ, ನಾಣ್ಯ, ಹಳೇ ಕಾಗದ ಕೂಡಿಡುವವರ ಸಂಘವೊಂದು ಪ್ರದರ್ಶನ ಏರ್ಪಡಿಸಿತ್ತು. ಮಾವನೂ ಅರ್ಜಿ ಹಾಕಿದ್ದರು. ವಸ್ತುಗಳನ್ನು ನೋಡಿ ಆರಿಸಲು ಸಂಘದ ಕಾರ್ಯದರ್ಶಿಗಳು ನವರಾತ್ರಿಗೆ ಮುಂಚಿನ ಒಂದು ಸಂಜೆ ಮನೆಗೆ ಬಂದರು. ಬ್ಯಾಂಕಿನಲ್ಲಿ ಸಹಿಗಳನ್ನು ತಾಳೆ ನೋಡಿ ನೋಡಿ ನಿವೃತ್ತರಾದವರು. ಜೇಬಿನಲ್ಲಿ ಅಕ್ಷರ ದೊಡ್ಡದಾಗಿ ತೋರಿಸುವ ದಪ್ಪ ಬೂದುಗಾಜು.

ಕಟ್ಟು ಹಾಕಿಸಿದ್ದ ಫೋಟೋಗಳು ಎರಡೇ. ಒಂದು ಗಡ್ಡದಜ್ಜ. ಇನ್ನೊಂದು, ಬೊಂಬಾಯಿಯ ವ್ಯಾಪಾರಿಯೊಬ್ಬನಿಂದ ತರಿಸಿದ ಇಟಲಿಯ ಸೇನಾಪತಿ, ಹೆಗಲ ಮೇಲೆ ಮೇಲಂಗಿ ಹೊದ್ದು ನಿಂತ ದೊಡ್ಡ ಚಿತ್ರ. ಕಾರ್ಯದರ್ಶಿಗಳು ಎರಡನ್ನೂ ಕಟ್ಟಿನಿಂದ ಬಿಡಿಸಿ, ಗಾಜು ತೆಗೆಸಿ ನೋಡಿದರು. ಸೇನಾಪತಿಯ ಸಹಿ ನೋಡಿ ತಲೆದೂಗಿದರು. "ಏನ್ ಗತ್ತು ರೀ! ಇದನ್ನ ನಡುಗೋಡೆಗೆ ಹಾಕೋಣ." ಗಡ್ಡದಜ್ಜನನ್ನು ಮಾತ್ರ ಹಿಂದೆ ತಳ್ಳಿದರು.

"ಇದು ಅಚ್ಚಿನ ಸಹಿ. ಆ ಕಾಲ್ದಲ್ಲಿ ದೊಡ್ಡವರ ಫೋಟೋ ಅಂಗಡೀಲಿ ಹೀಗೇ ಮಾರ್ತಿದ್ರು, ಸಹಿ ಸಮೇತ ಅಚ್ಚು ಹಾಕಿ. ಹಿಂದುಗಡೆ ಯಾರು ಬೇಕಾದ್ರೂ ಗೀಚಬಹುದು."

"ಸಾರ್, ಅದು ನನಗೆ ಕೊಟ್ಟವನು..."

"ಕೊಟ್ಟವನು ಕೈದಿ. ಏನೋ ಒಂದು ಕತೆ ಹೇಳಿ ಕೊಟ್ಟಿರ್ತಾನೆ. ಅನುಮಾನ ಇದ್ರೆ ಒಂದು ತೊಟ್ಟು ನೀರು ಹಾಕಿ ನೋಡಿ. ಶಾಯಿ ಹರಡುತ್ತೆ, ಅಚ್ಚು ಹರಡಲ್ಲ. ಅಷ್ಟೇ."

ಮಾವ ಫೋಟೋವನ್ನು ಎರಡೂ ಕೈಲಿ ಎದೆಗೆ ಒತ್ತಿಕೊಂಡರು. "ಮಗು ಉಸಿರಾಡ್ತಿದೆಯಾ ಅಂತ ನೋಡಕ್ಕೆ ಮೂಗು ಮುಚ್ಚೋದುಂಟಾ ಸಾರ್?"

ಕಾರ್ಯದರ್ಶಿಗಳು ನಕ್ಕು, ಅತ್ತೆ ಕೊಟ್ಟ ಕಾಫಿ ಕುಡಿದು ಹೋದರು. ಮಾವ ಆ ಸಂಜೆ ಊಟಕ್ಕೆ ಏಳಲಿಲ್ಲ. ಕರೆಯಲು ಹೋದ ನನಗೆ ಹೇಳಿದರು, "ಪ್ರದರ್ಶನಕ್ಕೆ ಇಡದೇ ಇದ್ರೆ ಹೋಗ್ಲಿ ಕಣಮ್ಮ. ಆದ್ರೆ ಅವರ ಮಾತು ನಿಜ ಅನ್ನೋದಾದ್ರೆ, ಆ ಹುಡುಗ ನನಗೆ ಸುಳ್ಳು ಹೇಳಿ ಹೋದ ಅಂತ ಆಯ್ತಲ್ಲ. ನಲವತ್ತು ದಿನ ಅವನ ಬಾಯಿಗೆ ಗಂಜಿ ಹಾಕಿದೀನಿ ನಾನು..." ನಾನು ಅವರ ತಟ್ಟೆ ಮುಚ್ಚಿಟ್ಟು ಬಂದೆ.

ನವರಾತ್ರಿ ಬಂತು. ಸರಸ್ವತಿ ಪೂಜೆಯ ದಿನ ಅತ್ತೆಯ ಮನೆಯಲ್ಲಿ ಒಂದು ನಿಯಮ. ಅಕ್ಷರ ಇರುವುದೆಲ್ಲ ಸರಸ್ವತಿಯೇ. ಪಂಚಾಂಗ, ರೇಷನ್ ಕಾರ್ಡು, ಮಾವನ ಔಷಧಿ ಪುಸ್ತಕ, ನನ್ನ ಟೈಪಿಂಗ್ ಸರ್ಟಿಫಿಕೇಟು, ಎಲ್ಲ ಮಣೆಯ ಮೇಲೆ. ಓಮದ ನೀರಿನ ಪೆಟ್ಟಿಗೆಯೂ ಅಲ್ಲಿಗೇ ಬಂತು. ಗಡ್ಡದಜ್ಜ ಮತ್ತು ಸೇನಾಪತಿ ಇಬ್ಬರನ್ನೂ ಅತ್ತೆ ಸರಸ್ವತಿಯ ಪಟದ ಎಡಬಲಕ್ಕೆ ಗೋಡೆಗೆ ಒರಗಿಸಿದರು. ಮಾವ ಷಾಪಿಗೆ ಹೋಗಿದ್ದರು. ಗಂಧ ತೇಯುವ ಕೆಲಸ ನನ್ನದು. ಅವಸರದಲ್ಲಿ ನೀರು ಜಾಸ್ತಿಯಾಗಿ ತೆಳ್ಳಗಾಗಿತ್ತು.

"ಎಲ್ಲಕ್ಕೂ ಇಟ್ಬಿಡೇ, ನಾನು ಕೋಸಂಬರಿಗೆ ಒಗ್ಗರಣೆ ಹಾಕಿ ಬರ್ತೀನಿ," ಎಂದು ಅತ್ತೆ ಒಳಗೆ ಹೋದರು.

ಉಂಗುರದ ಬೆರಳಿನಿಂದ ಗಂಧ, ಅದರ ಮೇಲೆ ಕುಂಕುಮ. ಪುಸ್ತಕಗಳಿಗಾಯಿತು, ಪೆಟ್ಟಿಗೆಗಾಯಿತು. ಇಟಲಿಯ ಇಬ್ಬರ ಮುಂದೆ ಬಂದಾಗ ಕೈ ತಡೆಯಿತು. ದೇವರ ಪಟವಾದರೆ ಹಣೆಗೆ ಇಡಬಹುದು. ಇವರು ದೇವರಲ್ಲ. ಪರದೇಶದ ಗಂಡಸರ ಹಣೆಗೆ, ಮದುವೆಯಾಗದ ನಾನು, ಕುಂಕುಮ ಇಡುವುದೇ? ಹಿರಿಯರಲ್ಲವೇ, ಪಾದಕ್ಕೆ ಇಟ್ಟರಾಯಿತು ಎಂದುಕೊಂಡೆ. ಸೇನಾಪತಿಗೆ ಬೂಟಿತ್ತು. ಗಡ್ಡದಜ್ಜನಿಗೆ ಎದೆಯಿಂದ ಕೆಳಗೆ ಏನೂ ಇಲ್ಲ. ಪಾದ ಇರಬೇಕಾದ ಕಡೆ, ಅಂದರೆ ಕೆಳ ಅಂಚಿಗೆ, ಇಬ್ಬರಿಗೂ ಧಾರಾಳವಾಗಿ ಇಟ್ಟು, ಮೇಲೊಂದೊಂದು ಸೇವಂತಿಗೆ ಸಿಕ್ಕಿಸಿದೆ. ಎಂದಿನಂತೆ ಗಾಜಿದೆ ಎಂದೇ ನನ್ನ ಎಣಿಕೆ. ಅದನ್ನು ತೆಗೆಸಿದ್ದು ನೆನಪೇ ಆಗಲಿಲ್ಲ.

ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುವಾಗ ನೋಡುತ್ತೇನೆ, ಉಂಗುರದ ಬೆರಳ ತುದಿ ಕೆಂಪಾಗಿಲ್ಲ, ನೇರಳೆ!

ಓಡಿ ಬಂದು ಹೂವು ಸರಿಸಿ ನೋಡಿದೆ. ಗಂಧದ ನೀರಿನಗುಂಟ ಗಡ್ಡದಜ್ಜನ ಸಹಿ ಮೋಡದ ಹಾಗೆ ಹಿಗ್ಗುತ್ತಿತ್ತು. ಸೆರಗಿನಿಂದ ಒತ್ತೋಣವೆಂದು ಕೈ ಚಾಚಿದರೆ ಬಾಗಿಲಲ್ಲಿ ಅತ್ತೆ. "ಮುಟ್ಬೇಡ್ವೇ! ಪೂಜೆಗೆ ಇಟ್ಟಿದ್ದನ್ನ ವಿಜಯದಶಮಿವರೆಗೂ ಅಲುಗಾಡಿಸೋ ಹಾಗಿಲ್ಲ." ಹೂವು ಮತ್ತೆ ಅದರ ಜಾಗಕ್ಕೆ ಜಾರಿತು.

ಆ ಮೂರು ದಿನ ನಾನು ಹೇಗೆ ಕಳೆದೆನೋ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮಾವ ಬೆಳಿಗ್ಗೆ ಎದ್ದವರೇ ದೂರದಿಂದ ಕೈಮುಗಿದು ಹೋಗುತ್ತಿದ್ದರು, ಆ ಕಡೆ ದಿಟ್ಟಿಸಿ ನೋಡುತ್ತಿರಲಿಲ್ಲ. ಅವರಿಗೆ ಆ ಮುಖ ನೋಡಲು ಸಂಕಟ, ನನಗೆ ಅವರ ಮುಖ ನೋಡಲು ಸಂಕಟ. ಹುಣಸೆಹಣ್ಣು ಹಾಕಿ ಉಜ್ಜಿದರೂ ಬೆರಳಿನ ಬಣ್ಣ ಹೋಗಲಿಲ್ಲ. ಅಮ್ಮ ಕೇಳಿದಾಗ ಟೈಪಿಂಗ್ ರಿಬ್ಬನ್ನಿನದು ಎಂದೆ.

ವಿಜಯದಶಮಿಯ ಬೆಳಿಗ್ಗೆ ಮಾವ ಮಣೆಯ ಮುಂದೆ ಕೂತರು. ಒಂದೊಂದು ಪುಸ್ತಕವನ್ನೂ ಎತ್ತಿ, ಕಣ್ಣಿಗೊತ್ತಿಕೊಂಡು, ಒಂದು ಸಾಲು ಓದಿ ಕೆಳಗಿಡುವುದು ಪದ್ಧತಿ. ಅವರ ಕೈ ಗಡ್ಡದಜ್ಜನ ಕಡೆ ಹೋಗುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ಮಾವ, ತಪ್ಪಾಗ್ಹೋಗಿದೆ. ಗಾಜಿಲ್ಲದೆ ಇರೋದು ನೋಡ್ಲಿಲ್ಲ. ನಾನೇ ಗಂಧ ಇಟ್ಟಿದ್ದು..."

ಮಾವ ಹೂವು ತೆಗೆದರು. ಒಣಗಿದ ಕುಂಕುಮ ಉದುರಿತು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ನೋಡಿದರು... ಅತ್ತೆ ಬಗ್ಗಿ ನೋಡಿ, "ಅಯ್ಯೋ, ಎಲ್ಲಾ ಹೋಯ್ತಲ್ಲೇ! ಮೂವತ್ತು ವರ್ಷ ಕಾಪಾಡಿದ್ದು!" ಎಂದು ನನ್ನ ತಲೆಗೆ ಮೊಟಕಿದರು. ನಾನು ಅಳುತ್ತಿದ್ದೆ.

"ಹರಡಿದೆ," ಎಂದರು ಮಾವ ಮೆಲ್ಲಗೆ. ಆಮೇಲೆ ಇನ್ನೊಮ್ಮೆ, ಬೀದಿಗೆ ಕೇಳಿಸುವಂತೆ, "ಲೇ, ಹರಡಿದೆ ಕಣೇ! ಹರಡಿದೆ!"

ನಮಗಿಬ್ಬರಿಗೂ ಅವರಿಗೆ ತಲೆಕೆಟ್ಟಿತೆಂದೇ ಅನ್ನಿಸಿತು.

"ಅಚ್ಚಾಗಿದ್ರೆ ಹರಡ್ತಿತ್ತೇನೇ? ಇದು ಹಳೇ ಕಾಲದ ನೇರಳೆ ಶಾಯಿ. ನಾವು ಗಂಟಲಿಗೆ ಹಚ್ಚೋ ಔಷಧಿ ಇದೆಯಲ್ಲ, ಅದರ ಜಾತಿ. ನೀರು ಕಂಡ್ರೆ ಸಾಕು, ಓಡುತ್ತೆ. ಮನುಷ್ಯನ ಕೈ ಕಣೇ ಇದು! ಆ ಹುಡುಗ ಸುಳ್ಳು ಹೇಳಿಲ್ಲ!" ಅವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ತಕ್ಷಣ ಏನೋ ಹೊಳೆದವರಂತೆ ಸೇನಾಪತಿಯನ್ನು ಎಳೆದುಕೊಂಡು ಪಂಚೆಯ ಅಂಚಿನಿಂದ ಬೂಟಿನ ಬಳಿಯ ಸಹಿಯ ಮೇಲಿದ್ದ ಕುಂಕುಮ ಒರೆಸಿದರು. ಅದೇ ಗಂಧ, ಅದೇ ನೀರು, ಅದೇ ಮೂರು ದಿನ. ಸಹಿ ಒಂದು ಕೂದಲೆಳೆ ಕದಲಿರಲಿಲ್ಲ. ರೈಲು ಕಂಬಿಯ ಹಾಗೆ ಕಪ್ಪಗೆ, ನೆಟ್ಟಗೆ ಇತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೇನಾಪತಿಗಳೇ ಅಚ್ಚು!"

ಅಂಗಿ ಹಾಕಿಕೊಂಡರೇ ಹೊರತು ಚಪ್ಪಲಿ ಮರೆತರು. ಎರಡೂ ಫೋಟೋ ಕಂಕುಳಲ್ಲಿ, ಹಿಂದೆ ಸಾಕ್ಷಿಯಾಗಿ ನಾನು. ವಿಶ್ವೇಶ್ವರಪುರದ ತಮ್ಮ ಮನೆಯ ಜಗುಲಿಯಲ್ಲಿ ಕಾರ್ಯದರ್ಶಿಗಳು ಸೈಕಲ್ಲಿಗೆ ಚೆಂಡುಹೂವು ಕಟ್ಟಿ, ಪೇಪರ್ ಓದುತ್ತಾ ಕೂತಿದ್ದರು. ಮಾವ ಗಡ್ಡದಜ್ಜನನ್ನು ಅವರ ತೊಡೆಯ ಮೇಲಿಟ್ಟರು. ಬೂದುಗಾಜು ಹೊರಗೆ ಬಂತು. ತುಂಬ ಹೊತ್ತು ನೋಡಿದರು. ಮಧ್ಯದ ಅಕ್ಷರಗಳು ಮೋಡವಾಗಿದ್ದರೂ ಎರಡು ತುದಿಗಳಲ್ಲಿ ಲೇಖನಿಯ ಮೊನೆ ಒತ್ತಿದ ಗೀರು ಹಾಗೇ ಉಳಿದಿತ್ತು.

"ಹರಡಿದೆಯಲ್ರೀ..."

"ಹರಡಿದೆ ಸಾರ್."

"ಯಾರ್ರೀ ನೀರು ಹಾಕಿದ್ದು?"

"ಸರಸ್ವತಿ, ಸಾರ್," ಎಂದರು ಮಾವ.

ಆಮೇಲೆ ಸೇನಾಪತಿಯನ್ನು ಮುಂದಿಟ್ಟರು. ಕಾರ್ಯದರ್ಶಿಗಳು ಅದನ್ನು ನೋಡಿದರು, ತಮ್ಮ ಬೂದುಗಾಜನ್ನು ನೋಡಿದರು, ಅಂಗಿಯ ತುದಿಯಿಂದ ಅದನ್ನು ಒರೆಸಿದರು. ಅವರ ದೊಡ್ಡತನವನ್ನು ನಾನು ಹೇಳಲೇಬೇಕು. ಎದ್ದು ನಿಂತು, "ತಪ್ಪಾಯ್ತು ರೀ. ನಡುಗೋಡೆ ನಿಮ್ಮ ಅಜ್ಜನಿಗೇ," ಎಂದರು. ಒಳಗಿನಿಂದ ಮೈಸೂರುಪಾಕು ತರಿಸಿ ನನ್ನ ಕೈಗೂ ಒಂದು ಕೊಟ್ಟರು. ಮೂರು ದಿನದ ಮೇಲೆ ನನ್ನ ಗಂಟಲಲ್ಲಿ ಸಿಹಿ ಇಳಿದದ್ದು ಆಗಲೇ.

ಪ್ರದರ್ಶನದಲ್ಲಿ ಫೋಟೋದ ಕೆಳಗೆ ಇಡುವ ವಿವರದ ಚೀಟಿಯನ್ನು ನಾನೇ ಟೈಪ್ ಮಾಡಿದೆ. ಕುಂಕುಮದ ವಿಷಯ ಬೇಡ, ಜನ ನಗುತ್ತಾರೆ ಎಂದು ಕಾರ್ಯದರ್ಶಿಗಳು ಹೇಳಿದರೂ ಮಾವ ಬಿಡಲಿಲ್ಲ. ಯಾರು ಬರೆದದ್ದು, ಯಾರಿಗೆ ಬರೆದದ್ದು, ಯಾರ ಜೇಬಿನಲ್ಲಿ ಇಲ್ಲಿಗೆ ಬಂತು ಎಂದು ಹೇಳಿ, ಕೊನೆಯ ಸಾಲು ಹೀಗೆ: 'ಸಹಿ ಹರಡಿರುವುದು ಸರಸ್ವತಿ ಪೂಜೆಯ ಗಂಧದಿಂದ. ಹರಡಿದ್ದರಿಂದಲೇ ನಿಜವೆಂದು ತಿಳಿಯಿತು.'

ಪ್ರದರ್ಶನದ ಎರಡನೇ ದಿನ, ಸುದ್ದಿ ಯಾರಿಂದ ಹೇಗೆ ಹೋಯಿತೋ, ಇಟಲಿಯವರೇ ಆದ ಒಬ್ಬ ಮುದುಕಿ, ಕ್ರೈಸ್ತ ಸನ್ಯಾಸಿನಿ, ಹುಡುಕಿಕೊಂಡು ಬಂದರು. ಫೋಟೋದ ಬೆನ್ನು ತಿರುಗಿಸಿ ತೋರಿಸಿದೆವು. ಆಕೆ ಗಟ್ಟಿಯಾಗಿ ಓದತೊಡಗಿದರು. ಸಭಾಂಗಣದಲ್ಲಿದ್ದವರೆಲ್ಲ ಸುತ್ತ ನೆರೆದರು. ಯಾರಿಗೂ ಒಂದಕ್ಷರ ಅರ್ಥವಾಗದು, ಆದರೂ ಯಾರೂ ಕದಲಲಿಲ್ಲ. ಕೊನೆಯ ಸಾಲಿನ ಮೂಲೆಯನ್ನು ಎಂದೋ ಹುಳ ತಿಂದಿತ್ತು. ಅಲ್ಲಿಗೆ ಬಂದು ಆಕೆ ನಿಂತುಬಿಟ್ಟರು. ನಿಂತ ಕಡೆಯಿಂದ ಮಾವ ಶುರು ಮಾಡಿದರು. ಕೈಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು, ಸಂಧ್ಯಾವಂದನೆಯ ಮಂತ್ರ ಹೇಳುವ ಧಾಟಿಯಲ್ಲಿ, ಸಿಪಾಯಿ ಕಲಿಸಿದ್ದ ಕೊನೆಯ ಮಾತುಗಳನ್ನು ಹೇಳಿ ಮುಗಿಸಿದರು. ಆಕೆ ಹುಳ ತಿಂದ ಅಂಚಿನಲ್ಲಿ ಉಳಿದಿದ್ದ ಅರ್ಧರ್ಧ ಅಕ್ಷರಗಳ ಮೇಲೆ ಬೆರಳಿಟ್ಟು ನೋಡಿದರು. ತಾಳೆಯಾಯಿತು. ಆಕೆ ಮಾವನ ಎರಡೂ ಕೈ ಹಿಡಿದುಕೊಂಡರು. ಮೊದಲು ಚಪ್ಪಾಳೆ ತಟ್ಟಿದವರು ಕಾರ್ಯದರ್ಶಿಗಳು.

ಕಾಗದದ ಅರ್ಥವನ್ನು ಮಾವ ಅಲ್ಲೇ ನಿಂತು ಎಲ್ಲರಿಗೂ ಹೇಳಿದರು. 'ಪ್ರಿಯ ಗೆಳೆಯ, ಮೂರನೆಯ ಪುಟದಲ್ಲಿ ನಾನು ಮಾಡಿದ್ದ ತಪ್ಪನ್ನು ಪ್ರತಿ ಮಾಡುವಾಗ ನೀನು ತಿದ್ದಿದೆ, ಯಾರಿಗೂ ಹೇಳಲಿಲ್ಲ. ನಿನ್ನೆ ಜನ ಚಪ್ಪಾಳೆ ತಟ್ಟಿದ್ದು ನನಗೆ. ಅದರಲ್ಲಿ ಅರ್ಧ ನಿನ್ನದು.' ಗುಂಪಿನ ಹಿಂದೆ, ಗಂಡ ಇಷ್ಟು ಜನರ ಮುಂದೆ ಮಾತಾಡಿದ್ದನ್ನು ಎಂದೂ ಕಂಡಿರದ ಅತ್ತೆ, ಸೆರಗು ಹೊದ್ದು ನೆಟ್ಟಗೆ ನಿಂತಿದ್ದರು. ಪಕ್ಕದ ಹೆಂಗಸಿಗೆ ಹೇಳುತ್ತಿದ್ದರು, "ನಮ್ಮನೇವ್ರು."

ಸಿಪಾಯಿ ಕೊಟ್ಟು ಹೋಗಿದ್ದ ಹಳೆಯ ವಿಳಾಸಕ್ಕೆ ಮಾವ ಈ ಸುದ್ದಿಯನ್ನೆಲ್ಲ ಬರೆದರು. ಎರಡು ತಿಂಗಳ ಮೇಲೆ ಆ ಲಕೋಟೆ, ನಾನು ವಿಳಾಸ ಟೈಪ್ ಮಾಡಿದ್ದೇ, ಏನೋ ಮುದ್ರೆ ಒತ್ತಿಸಿಕೊಂಡು ವಾಪಸು ಬಂತು. ಮುದ್ರೆಯನ್ನು ಮಾವನೇ ಓದಿದರು. ವಿಳಾಸದಾರರು ಗತಿಸಿದ್ದಾರೆ. ಲಕೋಟೆಯನ್ನು ಓಮದ ನೀರಿನ ಪೆಟ್ಟಿಗೆಯಲ್ಲಿಟ್ಟು, "ನಿಜ ಅಂತ ಅವನಿಗೆ ಗೊತ್ತೇ ಇತ್ತು. ಗೊತ್ತಾಗಬೇಕಿದ್ದಿದ್ದು ನನಗೆ," ಎಂದರು. ಆ ಮಾತಿನಲ್ಲಿ ದುಃಖವಿತ್ತು, ಆದರೆ ಹಿಂದಿನ ಆ ಮುಳ್ಳು ಇರಲಿಲ್ಲ.

ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಶಂಕರಪುರ ಬಿಟ್ಟೆ. ಎಂಬತ್ತರ ದಶಕ ಮುಗಿಯುವ ಮುಂಚೆಯೇ ಮಾವ ಹೋದರು. ಪೆಟ್ಟಿಗೆಯನ್ನು ಅತ್ತೆ ಸಂಘಕ್ಕೆ ಕೊಟ್ಟರು. ಆಮೇಲೆ ಅತ್ತೆ, ಕಾರ್ಯದರ್ಶಿಗಳು... ಒಬ್ಬೊಬ್ಬರಾಗಿ.

ಮೊಮ್ಮಗು ಚೇತರಿಸಿಕೊಂಡ ಮಾರನೇ ದಿನ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಆಟೋ ಮಾಡಿಕೊಂಡು ಸಂಘದ ಕೋಣೆಗೆ ಹೋದೆ. ಗಾಜಿನ ಬೀರುವಿನಲ್ಲಿ, ಎರಡನೇ ಅಂಕಣದಲ್ಲಿ, ಗಡ್ಡದಜ್ಜ ಇದ್ದರು. ಚೆನ್ನಾಗಿಯೇ ಇಟ್ಟಿದ್ದಾರೆ. ನನ್ನ ಚೀಟಿ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಕಂಪ್ಯೂಟರಿನ ಅಂದವಾದ ಅಕ್ಷರಗಳಲ್ಲಿ, 'ಸಹಿಗೆ ತೇವ ತಗುಲಿ ಹಾನಿಯಾಗಿದೆ.'

ಮೇಜಿನ ಹಿಂದೆ ಕೂತಿದ್ದ ಹುಡುಗಿಯನ್ನು ಕರೆದೆ. "ಅದು ಹಾನಿ ಅಲ್ಲಮ್ಮ. ಅದು ಹರಡಿದ್ದಕ್ಕೇ ಇದು ಈ ಬೀರೂನಲ್ಲಿ ಇರೋದು."

"ಹೌದಾ ಆಂಟಿ? ನಿಮಗೆ ಹೇಗ್ ಗೊತ್ತು?"

"ನೀರು ಹಾಕಿದೋಳು ನಾನೇ."

ಹುಡುಗಿ ನನ್ನನ್ನೂ ಬೀರುವನ್ನೂ ನೋಡಿ, ಬೀಗ ಭದ್ರವಾಗಿದೆಯೇ ಎಂದು ಮೆಲ್ಲಗೆ ಒಮ್ಮೆ ಎಳೆದು ನೋಡಿದಳು. ನನಗೆ ತಡೆಯಲಾರದಷ್ಟು ನಗು ಬಂತು. ಮಾವನಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಬ್ಬಳೇ ನಕ್ಕೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಆ ಹುಡುಗಿಯಿಂದ ಒಂದು ಹಾಳೆ ಕೇಳಿ ತೆಗೆದುಕೊಂಡು, ಜಾಲಹಳ್ಳಿಯ ಸಿಪಾಯಿಯಿಂದ ಶುರು ಮಾಡಿದೆ.